ಪಿನ್ನು, ಬೆಂಕಿಕಡ್ಡಿ, ಪೆನ್ನು… ಇವನ್ನ ಮೊದಲು ಮಾಡಿದೋರ ಹೆಸರು ಯಾಕ್ರೀ ಯಾರಿಗೂ ಗೊತ್ತಿಲ್ಲ?

ಗುಂಡುಸೂಜಿ (ಪ್ರಶ್ನೆ ಕೇಳಿದೋರು)

ಎಲ್ರಿಗೂ ನಮಸ್ಕಾರ. ಮೊನ್ನೆ ಒಂದು ಮೀಟಿಂಗಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಶರ್ಟಿನ ಗುಂಡಿ ಕಿತ್ಕೊಂಡು ಬಂತು, ಸೂಜಿ ದಾರ ಹುಡುಕೋಷ್ಟು ಟೈಮಿಲ್ಲ, ಒಂದು ಸೇಫ್ಟಿ ಪಿನ್ನು ಸಿಕ್ಕಿಸ್ಕೊಂಡು ಹೋದೆ. ಮೀಟಿಂಗ್ ಪೂರ್ತಿ ಬೋರು, ಪಿನ್ನನ್ನೇ ತಡವ್ತಾ ಕೂತಿದ್ದೆ. ಮನೆಗೆ ಬಂದ್ಮೇಲೆ ಇದನ್ನ ಯಾರಪ್ಪ ಮಾಡಿದ್ದು ಅಂತ ಹುಡುಕೋಕೆ ಕೂತೋನು ರಾತ್ರಿ ಎರಡು ಗಂಟೆ ಆದ್ರೂ ಎದ್ದಿರಲಿಲ್ಲ.

ವಾಲ್ಟರ್ ಹಂಟ್ ಅಂತ ನ್ಯೂಯಾರ್ಕಿನ ಮೆಕ್ಯಾನಿಕ್ಕು. 1849ರ ಏಪ್ರಿಲ್ 10ಕ್ಕೆ ಪೇಟೆಂಟು. ಒಂದೇ ತುಂಡು ತಂತಿ, ಮಧ್ಯ ಒಂದು ಸುತ್ತು ಸುತ್ತಿದ್ದಾನೆ ಅದೇ ಸ್ಪ್ರಿಂಗು, ತುದೀಲಿ ಮೊನೆ ಕೈಗೆ ಚುಚ್ಚದ ಹಾಗೆ ಒಂದು ಕೊಕ್ಕೆ, ಅಷ್ಟೇ. ಬಟ್ಟೆಗೆ ಸಿಕ್ಕಿಸೋ ಪಿನ್ನು ರೋಮನ್ನರ ಕಾಲದಲ್ಲೂ ಇತ್ತು ಅನ್ನಿ, ಆದ್ರೆ ನಾನು ಅವತ್ತು ಹಾಕ್ಕೊಂಡು ಹೋದ ರೂಪ ಇವನದ್ದೇ. ತಮಾಷೆ ಅಂದ್ರೆ ಡ್ರಾಯಿಂಗ್ ಬರೆದುಕೊಡ್ತಿದ್ದವನಿಗೆ ಏನೋ 15 ಡಾಲರ್ ಬಾಕಿ ಇತ್ತಂತೆ, ಅದನ್ನ ತೀರಿಸೋಕೆ ತಂತಿ ತಿರುಚ್ತಾ ಕೂತಾಗ ಇದು ಹೊಳೀತಂತೆ, ಹೊಳೆದದ್ದೇ ತಡ ಹಕ್ಕು ಪೂರ್ತಿ 400 ಡಾಲರಿಗೆ ಮಾರಿಬಿಟ್ಟ ಅಂತಾರೆ. ಕೊಂಡೋರು ಎಷ್ಟು ದುಡ್ದಿರಬಹುದು ನೀವೇ ಯೋಚನೆ ಮಾಡಿ.

ಇಷ್ಟಕ್ಕೇ ಮುಗೀಲಿಲ್ಲ. ಈ ಮನುಷ್ಯ ಅದಕ್ಕೂ ಹದಿನೈದು ವರ್ಷ ಮುಂಚೆ, 1834ರ ಆಸುಪಾಸಲ್ಲೇ ಹೊಲಿಗೆ ಯಂತ್ರ ಮಾಡಿದ್ದ, ಮೊನೇಲೇ ಕಣ್ಣಿರೋ ಸೂಜಿ, ಮೇಲೊಂದು ದಾರ ಕೆಳಗೊಂದು ದಾರ, ಈಗಿನ ಮಷೀನ್ ಥರಾನೇ. ಮಗಳಿಗೆ ಇದನ್ನಿಟ್ಕೊಂಡು ಬಿಸಿನೆಸ್ ಮಾಡು ಅಂದ್ರೆ ಕೈಹೊಲಿಗೆ ಮಾಡ್ಕೊಂಡು ಬದುಕೋ ಹೆಂಗಸರ ಕೆಲಸ ಹೋಗತ್ತೆ ಅಂತ ಅವಳು ಬೇಡ ಅಂದಳಂತೆ, ಇವನೂ ಪೇಟೆಂಟ್ ಮಾಡಿಸದೆ ಸುಮ್ನಾದ. ಆಮೇಲೆ 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ತಗೊಂಡು ಒಂದೊಂದು ಮಷೀನಿಗೂ ರಾಯಲ್ಟಿ ವಸೂಲಿ ಮಾಡಿ ಕೋಟ್ಯಧೀಶ ಆದ. ಕೇಸು ನಡೆದಾಗ ಹಂಟ್ ಮೊದಲು ಮಾಡಿದ್ದು ನಿಜ ಅಂತ ಒಪ್ಪಿದ್ರು, ಆದ್ರೆ ಟೈಮಿಗೆ ಅರ್ಜಿ ಹಾಕಿಲ್ಲ ಅಂತ ಹಕ್ಕು ಮಾತ್ರ ಹೋವ್‌ಗೇ ಉಳೀತು.

ನೆಟ್ಟೋನೊಬ್ಬ ಹಣ್ಣು ತಿಂದೋನೊಬ್ಬ ಅನ್ನೋದು ಇದಕ್ಕೇ ಇರ್ಬೇಕು. ಇಂಥವರು ಇನ್ಯಾರ್ಯಾರು ಗೊತ್ತು ನಿಮಗೆ? ನಿಜವಾದ ಕಥೆ ಹೇಳಿ, ವಾಟ್ಸಾಪ್ ಫಾರ್ವರ್ಡ್ ಬೇಡ ದಯವಿಟ್ಟು.

ಹಳೇಪೇಪರ್

ನಿಮ್ಮ ಹಂಟ್‌ಗೆ ಸರಿಯಾದ ಜೋಡಿ ಒಬ್ಬ ಇದಾನೆ ನನ್ನ ಹತ್ರ. ಬೆಂಕಿಕಡ್ಡಿ.

ಜಾನ್ ವಾಕರ್, ಇಂಗ್ಲೆಂಡಿನ ಸ್ಟಾಕ್‌ಟನ್ ಅನ್ನೋ ಊರಲ್ಲಿ ಔಷಧಿ ಅಂಗಡಿ. 1826ರಲ್ಲಿ ಏನೋ ಉರಿಯೋ ಮಿಶ್ರಣ ಕಲಸ್ತಾ ಇದ್ದಾಗ ಕಲಸೋ ಕಡ್ಡಿ ತುದೀಲಿ ಒಂದಿಷ್ಟು ಅಂಟಿ ಒಣಗಿತ್ತು, ಅದು ಒಲೆ ಮುಂದಿನ ಕಲ್ಲಿಗೆ ಉಜ್ಜಿ ಭಗ್ ಅಂತ ಹತ್ಕೊಳ್ತು ಅನ್ನೋದು ಕಥೆ. ಕಥೆ ಎಷ್ಟು ನಿಜಾನೋ, ಆದ್ರೆ ಅವನ ಅಂಗಡಿ ಲೆಕ್ಕದ ಪುಸ್ತಕದಲ್ಲಿ 1827ರ ಏಪ್ರಿಲ್ 7ಕ್ಕೆ ಮೊದಲ ಡಬ್ಬಿ ಮಾರಿದ್ದು ದಾಖಲೆ ಇದೆ. ಡಬ್ಬಿ ಜೊತೆ ಮಡಚಿದ ಉಪ್ಪುಕಾಗದ ಕೊಡ್ತಿದ್ದ, ಕಡ್ಡೀನ ಅದರ ಮಧ್ಯ ಇಟ್ಟು ಎಳೆದ್ರೆ ಹತ್ತತ್ತೆ. ಪೇಟೆಂಟ್ ಮಾಡಿಸೋ ಅಂತ ಜನ ಹೇಳಿದ್ರೂ ಮಾಡಿಸಲಿಲ್ಲ. ಲಂಡನ್ನಿನ ಸ್ಯಾಮುಯೆಲ್ ಜೋನ್ಸ್ ನೋಡ್ದ, ಲೂಸಿಫರ್ ಅಂತ ಹೆಸರಿಟ್ಟು ಅದನ್ನೇ ಮಾರೋಕೆ ಶುರು ಮಾಡ್ದ, ಎಷ್ಟೋ ಕಾಲ ಜನ ಕಡ್ಡಿಗೇ ಲೂಸಿಫರ್ ಅಂತಿದ್ರು. ಇನ್ನೊಂದು ವಿಚಿತ್ರ ನೋಡಿ, ವಾಕರ್ ಸತ್ತಿದ್ದು 1859ರ ಮೇ ತಿಂಗಳು, ನಿಮ್ಮ ಹಂಟ್ ಸತ್ತಿದ್ದು ಅದೇ ವರ್ಷ ಜೂನ್.

ನನಗೆ ತಲೆ ಕೆಡಿಸಿದ್ದು ಇದಲ್ಲ ಆದ್ರೆ. ಲೈಟರ್ ಬಂದಿದ್ದು ಬೆಂಕಿಕಡ್ಡಿಗಿಂತ ಮುಂಚೆ! ಜರ್ಮನಿಯ ಡೊಬರೈನರ್, ಹೈಸ್ಕೂಲ್ ಕೆಮಿಸ್ಟ್ರೀಲಿ ಮೂಲಧಾತುಗಳ ತ್ರಿವಳಿಗಳು ಅಂತ ಬಾಯಿಪಾಠ ಮಾಡಿರ್ತೀರಲ್ಲ ಅದೇ ಮನುಷ್ಯ, 1823ರಲ್ಲೇ ಒಂದು ದೀಪ ಮಾಡಿದ್ದ. ಸತುವಿನ ತುಂಡಿಗೆ ಗಂಧಕಾಮ್ಲ ತಾಗಿ ಹೈಡ್ರೋಜನ್ ಬರತ್ತೆ, ಅದು ಸ್ಪಂಜಿನ ಥರ ಇರೋ ಪ್ಲಾಟಿನಂ ಮೇಲೆ ಹಾಯ್ದಾಗ ಪ್ಲಾಟಿನಂ ಕೆಂಪಗೆ ಕಾದು ಗ್ಯಾಸ್ ಹತ್ಕೊಳತ್ತೆ. ಮೇಜಿನ ಮೇಲೆ ಆಸಿಡ್ ಜಾಡಿ ಇಟ್ಕೊಂಡು ದೀಪ ಹಚ್ತಿದ್ರು ಜನ, ಧೈರ್ಯ ಮೆಚ್ಚಬೇಕು.

ಇನ್ನು ಕಡ್ಡಿಯ ಮುಂದಿನ ಕಥೆ ಘೋರ. 1830ರ ನಂತರ ಬಿಳಿ ರಂಜಕ (ಫಾಸ್ಫರಸ್) ಹಾಕೋಕೆ ಶುರು ಮಾಡಿದ್ರು, ಎಲ್ಲಿ ಗೀಚಿದ್ರೂ ಹತ್ತತ್ತೆ ಅಂತ. ಕಾರ್ಖಾನೇಲಿ ಅದರ ಹೊಗೆ ಕುಡಿದು ಕೆಲಸದವರ, ಹೆಚ್ಚಿನವರು ಹೆಂಗಸರು ಮತ್ತೆ ಮಕ್ಕಳು, ದವಡೆ ಮೂಳೆ ಕೊಳೀತಿತ್ತು. 1888ರಲ್ಲಿ ಲಂಡನ್ನಲ್ಲಿ ಸುಮಾರು 1400 ಜನ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗೆ ಬಂದು ಮುಷ್ಕರ ಮಾಡಿದ್ರು, ಮಾಲೀಕರು ದಂಡ ಹಾಕೋದು, ಕೆಲಸದಿಂದ ತೆಗೆಯೋದು ಇದೆಲ್ಲದರ ವಿರುದ್ಧ. ಬಿಳಿ ರಂಜಕ ಬೇಡ ಅಂತ ದೇಶಗಳು ಒಪ್ಪಂದಕ್ಕೆ ಬಂದಿದ್ದು 1906ರಲ್ಲಿ, ಬರ್ನ್ ನಗರದಲ್ಲಿ. ಆದ್ರೆ ಪರಿಹಾರ ಅಷ್ಟೊತ್ತಿಗಾಗಲೇ ಅರ್ಧ ಶತಮಾನ ಹಳೇದಾಗಿತ್ತು ಸ್ವಾಮಿ. ಸ್ವೀಡನ್ನಿನ ಪಾಶ್ ಅನ್ನೋರು 1844ರಲ್ಲೇ ರಂಜಕಾನ ಕಡ್ಡಿಯಿಂದ ತೆಗೆದು ಡಬ್ಬಿ ಪಕ್ಕಕ್ಕೆ ಬಳಿಯೋ ಐಡಿಯಾ ಕೊಟ್ಟಿದ್ರು, ಅದೂ ಅಪಾಯ ಇಲ್ಲದ ಕೆಂಪು ರಂಜಕ. ಈಗಿನ ಪೊಟ್ಟಣದ ಪಕ್ಕ ಇರೋ ಕಂದು ಪಟ್ಟಿ ಅದೇ. ಬಿಳಿ ರಂಜಕದ್ದು ಅಗ್ಗ ಅಂತ ಅಷ್ಟು ವರ್ಷ ಎಳೆದ್ರು.

ತಲೆಹರಟೆ

ಎಲ್ರೂ ಗಂಡಸರೇ ಆದ್ರಲ್ಲ. ಹೆಡಿ ಲಮಾರ್ ಹೇಳ್ರಪ್ಪ, ಹಾಲಿವುಡ್ ಹೀರೋಯಿನ್ನು ವೈಫೈ ಕಂಡುಹಿಡಿದಿದ್ದು!!

ನಟ್ಟುಬೋಲ್ಟು

@ತಲೆಹರಟೆ, ಇದನ್ನೇ ಅವರು ವಾಟ್ಸಾಪ್ ಫಾರ್ವರ್ಡ್ ಬೇಡ ಅಂದಿದ್ದು 😄 ಹೆಡಿ ಲಮಾರ್ ಮತ್ತೆ ಸಂಗೀತಗಾರ ಜಾರ್ಜ್ ಆಂಥೈಲ್ ಇಬ್ರಿಗೂ ಸೇರಿ 1942ರಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ರೇಡಿಯೋದಲ್ಲಿ ಟಾರ್ಪಿಡೋ ನಡೆಸೋವಾಗ ಶತ್ರು ಸಿಗ್ನಲ್ ಕೆಡಿಸದ ಹಾಗೆ ಫ್ರೀಕ್ವೆನ್ಸಿ ಹಾರಿಸ್ತಾ ಇರೋದು, ಪಿಯಾನೋದ 88 ಮನೆ ಥರ 88 ಫ್ರೀಕ್ವೆನ್ಸಿ. ಆದ್ರೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಅದನ್ನ ಬಳಸಲೇ ಇಲ್ಲ, ಫ್ರೀಕ್ವೆನ್ಸಿ ಬದಲಾಯಿಸೋ ಯೋಚನೆ ಅವರಿಗಿಂತ ಮುಂಚೆ ಬೇರೆಯೋರೂ ಬರೆದಿಟ್ಟಿದ್ರು. ಬ್ಲೂಟೂತ್ ಈಗಲೂ ಸೆಕೆಂಡಿಗೆ 1600 ಸಲ ಹಾರತ್ತೆ, ಆ ಮಟ್ಟಿಗೆ ಅದೇ ಜಾತಿ ಅನ್ನಬಹುದು, ಈಗಿನ ವೈಫೈ ಕೆಲಸ ಮಾಡೋ ರೀತಿನೇ ಬೇರೆ. ಆಕೆ ಮಾಡಿದ್ದೇ ಸಾಕಷ್ಟಿದೆ, ಮಾಡದೇ ಇದ್ದದ್ದನ್ನೂ ತಲೆ ಮೇಲೆ ಹೊರಿಸೋದು ಯಾಕೆ.

ಈಗ ಪ್ರಶ್ನೆ ಕೇಳಿದೋರಿಗೆ. ನನ್ನದು ಸ್ವಲ್ಪ ತಕರಾರಿದೆ. ಮೊದಲು ಮಾಡಿದೋನಿಗೆ ಅನ್ಯಾಯ ಆಯ್ತು ಅಂತ ಎಲ್ಲದಕ್ಕೂ ಅಳೋಕಾಗಲ್ಲ. ನೆಟ್ಟೋನೇ ಹಣ್ಣು ತಿನ್ನಬೇಕು ಅಂದ್ರೆ ನೀರು ಹಾಕಿದೋರು ಏನ್ ಮಾಡ್ಬೇಕು? ಬಾಲ್ ಪೆನ್ ತಗೊಳ್ಳಿ. ಜಾನ್ ಲೌಡ್ ಅಂತ ಅಮೆರಿಕದವನು 1888ರಲ್ಲೇ ತುದೀಲಿ ತಿರುಗೋ ಗುಂಡು ಇರೋ ಪೆನ್ನಿಗೆ ಪೇಟೆಂಟ್ ತಗೊಂಡಿದ್ದ. ಚರ್ಮದ ಮೇಲೆ ಗುರುತು ಹಾಕೋಕೆ ಅವನಿಗೆ ಅದು ಬೇಕಿತ್ತು, ಚರ್ಮದ ಮೇಲೆ ಬರೀತಿತ್ತು, ಕಾಗದದ ಮೇಲೆ ಬರೆಯೋಷ್ಟು ನಯ ಇರಲಿಲ್ಲ. ಪೇಟೆಂಟ್ ಹಾಗೇ ಕಾಲ ಮುಗಿದು ಹೋಯ್ತು. ಐವತ್ತು ವರ್ಷ ಆದ್ಮೇಲೆ 1938ರಲ್ಲಿ ಹಂಗರಿಯ ಪತ್ರಕರ್ತ ಬಿರೋ, ಪೇಪರ್ ಅಚ್ಚು ಹಾಕೋ ಇಂಕು ಬೇಗ ಒಣಗತ್ತಲ್ಲ ಅದನ್ನೇ ಪೆನ್ನಿಗೆ ಹಾಕಿದ್ರೆ ಅಂತ ಹೊರಟ. ಅದು ಗಟ್ಟಿ, ಫೌಂಟನ್ ಪೆನ್ನಿನ ನಿಬ್ಬಲ್ಲಿ ಇಳಿಯಲ್ಲ, ಅದಕ್ಕೇ ಗುಂಡು ಬೇಕಾಯ್ತು, ಇಂಕಿನ ಹದ ಸರಿ ಮಾಡೋಕೆ ಅಣ್ತಮ್ಮ ಇಬ್ರೂ ಸೇರಿ ಒದ್ದಾಡಿದ್ರು. ಅಂದ್ರೆ ಗುಂಡಿನ ಐಡಿಯಾ ಸಾಕಾಗಿರಲಿಲ್ಲ, ಇಂಕು ಗೆಲ್ಲಿಸಿದ್ದು. ಲೌಡ್‌ನ ಮರೆತದ್ದು ಬೇಜಾರೇ, ಅನ್ಯಾಯ ಅಂತ ಮಾತ್ರ ನಾನು ಅನ್ನಲ್ಲ.

ಮರೆತದ್ದು ನಿಜಕ್ಕೂ ತಪ್ಪು ಅನ್ನಿಸೋದು ಟಾಯ್ಲೆಟ್ ವಿಷಯದಲ್ಲಿ. ಥಾಮಸ್ ಕ್ರ್ಯಾಪರ್ ಫ್ಲಶ್ ಕಂಡುಹಿಡಿದ ಅಂತ ಹೇಳ್ಕೊಂಡು ಓಡಾಡ್ತಾರಲ್ಲ, ಆತ ಹುಟ್ಟಿದ್ದೇ 1836ರಲ್ಲಿ. ಫ್ಲಶ್ ಟಾಯ್ಲೆಟ್ ಬಗ್ಗೆ ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್ 1596ರಲ್ಲೇ ಬರೆದಿದ್ದ. ಆದ್ರೆ ಅವನದ್ದಕ್ಕೆ ವಾಸನೆ ತಡೆಯೋ ದಾರಿ ಇರಲಿಲ್ಲ, ಹಂಗಾಗಿ ಮನೆ ಒಳಗೆ ಯಾರು ಇಟ್ಕೋತಾರೆ? ಅದನ್ನ ಬಗೆಹರಿಸಿದ್ದು ಯಾರು ಗೊತ್ತಾ, ಒಬ್ಬ ಗಡಿಯಾರ ಮಾಡೋನು! ಅಲೆಕ್ಸಾಂಡರ್ ಕಮಿಂಗ್, ಸ್ಕಾಟ್ಲೆಂಡಿನವನು, ರಾಜ ಮೂರನೇ ಜಾರ್ಜ್‌ಗೆ ಗಾಳಿ ಒತ್ತಡ ದಾಖಲಿಸೋ ಗಡಿಯಾರ ಮಾಡಿಕೊಟ್ಟಂಥ ಕುಶಲಿ. 1775ರಲ್ಲಿ ಪೈಪನ್ನ ಎಸ್ ಆಕಾರಕ್ಕೆ ಬಗ್ಗಿಸ್ದ. ಫ್ಲಶ್ ಆದ್ಮೇಲೆ ಬಾಗಿದ ಕಡೆ ಒಂದಿಷ್ಟು ನೀರು ನಿಂತೇ ಇರತ್ತೆ, ಆ ನೀರೇ ಬಾಗಿಲು, ಕೆಳಗಿನ ಗ್ಯಾಸ್ ಮೇಲೆ ಬರಲ್ಲ. ತಿರುಗೋ ಭಾಗ ಇಲ್ಲ, ಸವೆಯೋದಿಲ್ಲ. ಸಿಂಕಿನ ಕೆಳಗೆ ಬಗ್ಗಿ ನೋಡಿ, ಅಲ್ಲೂ ಅದರ ಮೊಮ್ಮಗ ಕೂತಿರ್ತಾನೆ. ಬಹಳ ದಿನ ಬಳಸದ ಬಾತ್‌ರೂಮ್ ಗಬ್ಬು ನಾರೋದೂ ಇದಕ್ಕೇ, ಬೆಂಡಲ್ಲಿದ್ದ ನೀರು ಆರಿಹೋಗಿರತ್ತೆ, ಎರಡು ಚೆಂಬು ನೀರು ಹಾಕಿದ್ರೆ ಸರಿಹೋಗತ್ತೆ, ಪ್ಲಂಬರ್ ಕರೆಯೋಕೆ ಮುಂಚೆ ಒಂದ್ಸಲ ಟ್ರೈ ಮಾಡಿ.

ಮಳೆಹುಳ

ನಟ್ಟುಬೋಲ್ಟು ಅವರೇ, ಟೈಮಿಗೆ ಪೇಟೆಂಟ್ ಮಾಡಿಸಿ, ಕೆಲಸ ಮಾಡೋ ವಸ್ತುನೇ ಮಾಡಿ, ಆದ್ರೂ ಏನೂ ಸಿಗದೇ ಇದ್ದೋರಿಗೆ ಏನಂತೀರಿ?

ಮೇರಿ ಆಂಡರ್ಸನ್, ಅಮೆರಿಕದ ಅಲಬಾಮಾದವರು. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋದಾಗ ಟ್ರಾಮಿನ ಡ್ರೈವರ್ ಗಾಜಿನ ಮೇಲೆ ಬೀಳೋ ಮಂಜಿಗೆ ದಾರಿ ಕಾಣದೆ ಒದ್ದಾಡೋದು ನೋಡಿ, ಒಳಗೆ ಕೂತೇ ಹಿಡಿ ಎಳೆದ್ರೆ ಹೊರಗಡೆ ರಬ್ಬರ್ ಪಟ್ಟಿ ಗಾಜು ಒರೆಸೋ ಹಾಗೆ ಮಾಡಿದ್ರು. 1903ರಲ್ಲಿ ಪೇಟೆಂಟ್. 1905ರಲ್ಲಿ ಕೆನಡಾದ ಒಂದು ಕಂಪನಿಗೆ ಮಾರೋಕೆ ಹೋದ್ರೆ ಇದಕ್ಕೆ ವ್ಯಾಪಾರದ ಬೆಲೆ ಇಲ್ಲ ಅಂತ ವಾಪಸ್ ಕಳಿಸಿದ್ರು. ಆಗ ಕಾರುಗಳೇ ಎಣಿಸೋಷ್ಟು, ಫೋರ್ಡ್ ಮಾಡೆಲ್ ಟಿ ಬಂದಿದ್ದೇ 1908ರಲ್ಲಿ. 1920ರಲ್ಲಿ ಪೇಟೆಂಟ್ ಅವಧಿ ಮುಗೀತು, ಮುಗಿದ ಮೇಲೆ ಎಲ್ಲ ಕಾರಿಗೂ ವೈಪರ್ ಬಂತು. ಒಂದು ಕಾಸೂ ಸಿಗಲಿಲ್ಲ ಆಕೆಗೆ. ಬೇಗ ಯೋಚನೆ ಮಾಡಿದ್ದೇ ತಪ್ಪಾ?

ಮಾರ್ಗರೆಟ್ ನೈಟ್ ಕಥೆ ಇನ್ನೂ ಮಜಾ ಇದೆ, ಇದರಲ್ಲಿ ಕಳ್ಳನೂ ಇದಾನೆ. ತಳ ಚಪ್ಪಟೆ ಇರೋ, ನಿಲ್ಲಿಸಿದ್ರೆ ನಿಲ್ಲೋ ಪೇಪರ್ ಚೀಲ ಇದ್ಯಲ್ಲ, ಅದನ್ನ ಮೊದಲು ಕೈಯಲ್ಲಿ ಮಡಚಿ ಅಂಟಿಸ್ತಿದ್ರು. ಚೀಲದ ಕಾರ್ಖಾನೇಲಿ ಕೆಲಸಕ್ಕಿದ್ದ ಈಕೆ ಕತ್ತರಿಸಿ ಮಡಚಿ ಅಂಟಿಸೋ ಯಂತ್ರ ಮಾಡಿದ್ರು, ಮೊದಲು ಮರದ್ದು. ಕಬ್ಬಿಣದ್ದು ಮಾಡಿಸೋಕೆ ವರ್ಕ್‌ಶಾಪಿಗೆ ಕೊಟ್ಟಾಗ ಚಾರ್ಲ್ಸ್ ಅನ್ನಾನ್ ಅನ್ನೋನು ಬಂದು ನೋಡ್ಕೊಂಡು ಹೋಗಿ ತನ್ನ ಹೆಸರಲ್ಲಿ ಪೇಟೆಂಟ್ ಮಾಡಿಸ್ದ! ಈಕೆ ಬಿಡಲಿಲ್ಲ, ಕೇಸ್ ಹಾಕಿದ್ರು, ತಮ್ಮ ಡ್ರಾಯಿಂಗು, ಮಾಡೆಲ್ಲು, ಜೊತೆಗೆ ಕೆಲಸ ಮಾಡಿದೋರ ಸಾಕ್ಷಿ ಎಲ್ಲ ಹಾಜರುಪಡಿಸಿ ಗೆದ್ರು, 1871ರಲ್ಲಿ ಪೇಟೆಂಟ್ ಅವರ ಹೆಸರಿಗೇ ಬಂತು. ಆಮೇಲೂ ಒಂದರ ಹಿಂದೆ ಒಂದು ಹೊಸದು ಮಾಡ್ತಾನೇ ಇದ್ರು, ಆದ್ರೆ 1914ರಲ್ಲಿ ತೀರ್ಕೊಂಡಾಗ ಕೈಯಲ್ಲಿ ಉಳಿದಿದ್ದು ಅಷ್ಟಕ್ಕಷ್ಟೇ. ಹನ್ನೆರಡು ವರ್ಷದ ಹುಡುಗಿ ಇದ್ದಾಗ ಬಟ್ಟೆ ಗಿರಣೀಲಿ ಲಾಳಿ ಹಾರಿ ಬಂದು ಒಬ್ಬರಿಗೆ ಪೆಟ್ಟಾಗಿದ್ದು ನೋಡಿ ಅದನ್ನ ತಡೆಯೋ ಸಾಧನ ಮಾಡಿದ್ದಳಂತೆ, ಅದಕ್ಕೆ ಪೇಟೆಂಟೂ ಇಲ್ಲ ಏನೂ ಇಲ್ಲ.

ಗುಂಡುಸೂಜಿ (ಪ್ರಶ್ನೆ ಕೇಳಿದೋರು)

ಅಬ್ಬಾ, ಇಷ್ಟೆಲ್ಲ ಸಿಗತ್ತೆ ಅಂದ್ಕೊಂಡಿರಲಿಲ್ಲ. ಲೈಟರ್ ಮೊದಲು ಕಡ್ಡಿ ಆಮೇಲೆ ಅನ್ನೋದು ಇನ್ನೂ ಅರಗಿಸ್ಕೊಳ್ತಾ ಇದೀನಿ. ನಟ್ಟುಬೋಲ್ಟು ಅವರ ತಕರಾರು ಅರ್ಧ ಒಪ್ತೀನಿ. ಹಂಟ್ ವಿಷಯದಲ್ಲೂ ನೋಡಿದ್ರೆ ಅವನಿಗೆ ಮೋಸ ಆಯ್ತು ಅನ್ನೋದಕ್ಕಿಂತ ಒಂದನ್ನ ಮಾಡಿ ಮುಗಿಸೋ ಹೊತ್ತಿಗೆ ಇನ್ನೊಂದರ ಮೇಲೆ ಮನಸ್ಸು ಹೋಗ್ತಿತ್ತು ಅನ್ಸತ್ತೆ, ಪಿನ್ನು ಮಾಡಿದ ಅದೇ 1849ರಲ್ಲಿ ಒಂದರ ಹಿಂದೆ ಒಂದು ಗುಂಡು ಹಾರಿಸೋ ರಿಪೀಟಿಂಗ್ ಬಂದೂಕಿಗೂ ಪೇಟೆಂಟ್ ತಗೊಂಡಿದ್ದಾನೆ, ಅದನ್ನ ಕೈ ಬದಲಾಯಿಸ್ತಾ ತಿದ್ದುತ್ತಾ ಹೋಗಿ ಕೊನೆಗೆ ವಿಂಚೆಸ್ಟರ್ ರೈಫಲ್ ಆಯ್ತು. ಅಲ್ಲೂ ಇವನ ಹೆಸರಿಲ್ಲ. ಮೇರಿ ಆಂಡರ್ಸನ್ ವಿಷಯಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ.

ಸುಮ್ನೆಓದೋನು

ವರ್ಷಗಟ್ಲೆ ಬರೀ ಓದ್ತಿದ್ದೆ, ಇವತ್ತು ಬರೀಲೇಬೇಕು ಅನ್ನಿಸ್ತು. ಇದರ ಉಲ್ಟಾ ಕಥೆ ಒಂದಿದೆ, ಮಾಡದೇ ಇದ್ದೋನಿಗೆ ಹೆಸರು ಬಂದದ್ದು.

ಕಾಗದ ಸಿಕ್ಕಿಸೋ ಜೆಮ್ ಕ್ಲಿಪ್. ನಾರ್ವೆಯ ಯೋಹಾನ್ ವೊಲರ್ ಕಂಡುಹಿಡಿದದ್ದು ಅಂತ ಎಲ್ಲ ಕಡೆ ಬರೀತಾರೆ. 1901ರಲ್ಲಿ ಪೇಟೆಂಟ್ ಇದೆ ನಿಜ, ಆದ್ರೆ ಅವನ ಕ್ಲಿಪ್ಪಿಗೆ ಆ ಒಳಗಿನ ಎರಡನೇ ಸುತ್ತೇ ಇಲ್ಲ, ಕಾಗದ ಗಟ್ಟಿ ಹಿಡಿಯಲ್ಲ. ಜೆಮ್ ಅದಕ್ಕೂ ಮುಂಚೇನೇ ಇತ್ತು, 1899ರಲ್ಲಿ ಅಮೆರಿಕದ ಮಿಡ್ಲ್‌ಬ್ರೂಕ್ ಅದನ್ನ ಬಗ್ಗಿಸೋ ಯಂತ್ರಕ್ಕೇ ಪೇಟೆಂಟ್ ತಗೊಂಡಿದ್ದಾನೆ, ಚಿತ್ರದಲ್ಲಿ ನಮ್ಮ ಜೆಮ್ ಕ್ಲಿಪ್ ಸ್ಪಷ್ಟವಾಗಿ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ನಾರ್ವೆ ಹಿಡಿದಾಗ ಅಲ್ಲಿನ ಜನ ನಾವೆಲ್ಲ ಒಟ್ಟಿಗಿದೀವಿ ಅಂತ ತೋರಿಸೋಕೆ ಕೋಟಿಗೆ ಕ್ಲಿಪ್ ಸಿಕ್ಕಿಸ್ಕೊಳ್ತಿದ್ರು, ಯುದ್ಧ ಮುಗಿದ್ಮೇಲೆ ನಮ್ಮವನೇ ಕಂಡುಹಿಡಿದದ್ದು ಅನ್ನೋ ಕಥೆ ಇನ್ನೂ ಬೆಳೀತು. 1989ರಲ್ಲಿ ಓಸ್ಲೋ ಹತ್ರ ವೊಲರ್ ನೆನಪಿಗೆ ಅಂತ ದೈತ್ಯ ಕ್ಲಿಪ್ ನಿಲ್ಲಿಸಿದ್ರು. ಅದರ ಆಕಾರ ನೋಡಿದ್ರೆ ವೊಲರ್ ಕ್ಲಿಪ್ ಅಲ್ಲ, ಜೆಮ್ ಹತ್ರದ್ದು! 1999ರ ಅಂಚೆ ಚೀಟೀಲೂ ಹಂಗೇ.

ಇನ್ನು ಜೆಮ್ ಕ್ಲಿಪ್ಪಿನ ಆಕಾರಕ್ಕೆ ಯಾರೂ ಪೇಟೆಂಟ್ ತಗೊಂಡಿಲ್ಲ, ಆ ತಂತೀನ ಮೊದಲು ಹಂಗೆ ಬಗ್ಗಿಸಿದ ಮನುಷ್ಯನ ಹೆಸರು ಎಲ್ಲೂ ದಾಖಲಾಗಿಲ್ಲ.

ತಲೆಹರಟೆ

ವೈಫೈ ವಾಪಸ್ ತಗೊಂಡೆ ಕಣ್ರೀ 🙏 ಆದ್ರೆ ಈ ಕ್ಲಿಪ್ ವಿಷಯ ಓದ್ತಾ ಓದ್ತಾ ಕೈಯಲ್ಲಿದ್ದ ಜೆಮ್ ಕ್ಲಿಪ್ ನೆಟ್ಟಗೆ ಮಾಡಿಬಿಟ್ಟಿದೀನಿ, ವಾಪಸ್ ಅದೇ ಆಕಾರಕ್ಕೆ ತರೋಕೆ ಹತ್ತು ನಿಮಿಷದಿಂದ ಒದ್ದಾಡ್ತಾ ಇದೀನಿ, ಬರ್ತಿಲ್ಲ.