ನುಡಿ ಫಾಂಟ್‌ನ ಪ್ರಬಂಧವನ್ನು ಯೂನಿಕೋಡ್ ಮಾಡುವುದು ಹೇಗೆ? ಸಹಾಯ ಬೇಕು

ನಮಸ್ಕಾರ ಎಲ್ಲರಿಗೂ. ಬಾಗಲಕೋಟೆಯಲ್ಲಿ ಎಂಎ ಓದ್ತಿದ್ದೇನೆ. ಇಳಕಲ್ ಸೀರೆ ನೇಕಾರರ ಬಗ್ಗೆ ನನ್ನ ಕಿರುಪ್ರಬಂಧ. ಗೈಡ್ ಸಹಿ ಆಯ್ತು, ಬೈಂಡಿಂಗೂ ಆಯ್ತು. ಈಗ ಲೈಬ್ರರಿಯಲ್ಲಿ ಸಾಫ್ಟ್ ಕಾಪಿ ಯೂನಿಕೋಡ್‌ನಲ್ಲೇ ಬೇಕು, ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗಬೇಕು ಅಂತಿದ್ದಾರೆ. ಅವರು ಕೇಳೋದು ಸರಿಯೇ ಬಿಡಿ. ಆದರೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಆಗಿರೋದು ನುಡಿ 01 ಇ ಫಾಂಟ್‌ನಲ್ಲಿ. ಅದು ಯೂನಿಕೋಡ್ ಅಲ್ಲ, ಒಳಗಿರೋ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನೇ ಕನ್ನಡದ ಹಾಗೆ ತೋರಿಸುತ್ತೆ. ಅಂಗಡಿಯವರನ್ನು ಕೇಳಿದರೆ "ಪ್ರಿಂಟ್ ಚಲೋ ಬಂದೈತಲ್ರೀ, ಮತ್ತೇನ್ ಬೇಕು" ಅಂತಾರೆ!

ವರ್ಡ್‌ನಲ್ಲಿ ಫಾಂಟ್ ಬದಲಿಸಿ ತುಂಗಾ (ಯೂನಿಕೋಡ್ ಕನ್ನಡ ಫಾಂಟ್) ಮಾಡಿ ನೋಡಿದೆ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದವು. ನುಡಿಯಿಂದ ಯೂನಿಕೋಡ್‌ಗೆ ಬದಲಿಸೋ ಕನ್ವರ್ಟರ್‌ಗೆ ಪೇಸ್ಟ್ ಮಾಡಿದರೆ ಕನ್ನಡವೇನೋ ಸರಿ ಬರುತ್ತೆ, ಆದರೆ ನಡುವೆ ಟೈಮ್ಸ್ ನ್ಯೂ ರೋಮನ್‌ನಲ್ಲಿ ಇದ್ದ ಇಂಗ್ಲಿಷ್ ಪುಸ್ತಕಗಳ ಹೆಸರನ್ನೂ ಅದು ನುಡಿ ಅಂತಲೇ ತಿಳಿದು ಅರ್ಥವಿಲ್ಲದ ಕನ್ನಡ ಅಕ್ಷರ ಮಾಡಿಬಿಡುತ್ತೆ. ಕೋಷ್ಟಕ ಬಿಚ್ಚಿಹೋಗುತ್ತೆ, ಅಡಿಟಿಪ್ಪಣಿ ಬರೋದೇ ಇಲ್ಲ. ಒಂದೊಂದೇ ಪ್ಯಾರಾ ಮಾಡುತ್ತಾ ಕೂತರೆ ಕೊನೇ ದಿನಾಂಕ ಮುಗಿದಿರುತ್ತೆ.

ವರ್ಡ್ ಫೈಲ್‌ನಲ್ಲೇ ನುಡಿ ಫಾಂಟ್ ಇರುವ ಭಾಗವನ್ನಷ್ಟೇ ಬದಲಿಸಿ, ಕೋಷ್ಟಕ, ಅಡಿಟಿಪ್ಪಣಿ ಹಾಗೇ ಉಳಿಸುವ ಮ್ಯಾಕ್ರೋ ಅಥವಾ ಸಾಫ್ಟ್‌ವೇರ್ ಯಾರಾದರೂ ಬಳಸಿದ್ದೀರಾ? ಇನ್ನೊಂದು, ಫಾಂಟ್ ಬದಲಾದರೆ ಪುಟಗಳೂ ಸರಿಯುತ್ತವೆ ಅಲ್ವಾ, ಬೈಂಡ್ ಮಾಡಿಸಿದ ಪ್ರತಿಗೂ ಪಿಡಿಎಫ್‌ಗೂ ಪುಟಸಂಖ್ಯೆ ಹೊಂದದಿದ್ದರೆ ನಿಮ್ಮ ಲೈಬ್ರರಿಗಳಲ್ಲಿ ತಗೊಂಡಿದ್ದಾರಾ?