ಪದಚರ್ಚೆ: ಗಟ್ಟಿಯಾದ ಇಬ್ಬನಿಗೆ ನಿಮ್ಮೂರಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಬೊಲಿವಿಯಾದ ಪಟಾಕಮಾಯಾ ಅನ್ನೋ ಊರಿನ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಲಾ ಪಾಸ್‌ನಿಂದ ಓರುರೊಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಹೋದರೆ ಸಿಗುತ್ತದೆ. ಹೆಸರೇ ಚೆಂದ. ಅಲ್ಲಿನ ಐಮಾರಾ ಭಾಷೆಯಲ್ಲಿ 'ಪಟಾಕ' ಅಂದರೆ ನೂರು, 'ಮಾಯಾ' ಅಂದರೆ ಒಂದು.

ಅಲ್ಲಿನ ಪದಗಳಿಗೆ ಕನ್ನಡದ ಪದ ಹುಡುಕುತ್ತಿದ್ದೇನೆ. ಭಾನುವಾರದ 'ಫೇರಿಯಾ'ಕ್ಕೆ ನಮ್ಮ ಸಂತೆ ಸರಿಯಾಗಿ ಹೊಂದಿತು. ಉಪ್ಪು ಹಾಕಿ ಒಣಗಿಸಿದ ಮಾಂಸ 'ಚಾರ್ಕೆ', ಅದಕ್ಕೆ ಉಪ್ಪುಕಂಡ ಎಂದೆ. 'ಪ್ರೊವಿನ್ಸಿಯಾ'ವನ್ನು ಪ್ರಾಂತ್ಯ ಅಂದರೆ ತೀರಾ ದೊಡ್ಡದಾಗುತ್ತದೆ. ಅದು ಅಲ್ಲಿನ ದೊಡ್ಡ ಆಡಳಿತ ವಿಭಾಗದೊಳಗಿನ ಚಿಕ್ಕ ಭಾಗ, ಹಾಗಾಗಿ ತಾಲೂಕು ಎಂದು ಬರೆದೆ. ಸಿಕ್ಕಿಕೊಂಡದ್ದು 'ಚುನ್ಯೊ' ಹತ್ತಿರ, ಅಂದರೆ ಚಳಿಗೆ ಗಟ್ಟಿಯಾಗಿಸಿ ಒಣಗಿಸಿದ ಆಲೂಗಡ್ಡೆ.

ಪಟಾಕಮಾಯಾ ಇರುವ ಬಯಲು ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಜೂನ್, ಜುಲೈ ಅಂದರೆ ಅಲ್ಲಿ ಚಳಿಗಾಲ. ರಾತ್ರಿಯ ಚಳಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಸಣ್ಣ ಆಲೂಗಡ್ಡೆಗಳನ್ನು ಬಯಲಲ್ಲಿ ಹರವುತ್ತಾರೆ. ರಾತ್ರಿ ಕಲ್ಲಾಗುತ್ತವೆ, ಹಗಲಿನ ಬಿಸಿಲಿಗೆ ಮೆತ್ತಗಾಗುತ್ತವೆ. ಕೆಲವು ದಿನ ಹೀಗೆ ಬಿಟ್ಟು, ರಾಶಿ ಮಾಡಿ ಬರಿಗಾಲಲ್ಲಿ ತುಳಿಯುತ್ತಾರೆ. ನೀರು ಹೊರಬರುತ್ತದೆ, ಸಿಪ್ಪೆ ಸುಲಿಯುತ್ತದೆ. ಆಮೇಲೆ ಒಣಗಿಸಿದರೆ ಕಪ್ಪಗೆ, ಹಗುರವಾಗಿ, ವರ್ಷಗಟ್ಟಲೆ ಕೆಡದೆ ಇರುತ್ತದೆ. ಬೇಕಾದಾಗ ನೆನೆಸಿ 'ಚಾಯ್ರೊ' ಅನ್ನೋ ಸಾರಿಗೆ ಹಾಕುತ್ತಾರೆ.

ಬಾಳಕ, ಸಂಡಿಗೆ ಎರಡನ್ನೂ ಯೋಚಿಸಿದೆ. ಎರಡೂ ಬರೀ ಬಿಸಿಲಿನ ಕೆಲಸ. ಚುನ್ಯೊ ಮಾಡೋದು ಚಳಿ. ಹಾಗಾಗಿ ಚುನ್ಯೊವನ್ನು ಹಾಗೇ ಉಳಿಸಿಕೊಳ್ಳೋಣ ಅನಿಸಿದೆ. ಆದರೆ ಆ ಚಳಿಗೊಂದು ಪದ ಬೇಕಲ್ವಾ? ನೆಲದ ಮೇಲೆ ಬೆಳ್ಳಗೆ ಗಟ್ಟಿಯಾಗುವ ಅದನ್ನು ಐಮಾರಾದಲ್ಲಿ 'ಹುಯ್ಫಿ' ಅನ್ನುತ್ತಾರೆ, ಸ್ಪ್ಯಾನಿಷ್‌ನಲ್ಲಿ 'ಎಲಾದಾ'. ನಮ್ಮ 'ಮಂಜು' ಕಣ್ಣಿಗೆ ಮುಸುಕುವ ಮಂಜೂ ಹೌದು, ಬೆಟ್ಟದ ಮೇಲೆ ಬೀಳುವ ಹಿಮವೂ ಹೌದು. 'ಇಬ್ಬನಿ' ನೀರಿನ ಹನಿ. 'ಹೆಪ್ಪುಗಟ್ಟಿದ ಇಬ್ಬನಿ' ಅಂದರೆ ಅರ್ಥವಾಗುತ್ತದೆ, ಆದರೆ ಉದ್ದ. ಜೊತೆಗೆ 'ಹೆಪ್ಪು' ಅಂದಕೂಡಲೇ ನನಗೆ ಮೊಸರೇ ನೆನಪಾಗುತ್ತದೆ.

ನೀಲಗಿರಿ ಕಡೆಯವರು ಯಾರಾದರೂ ಇದ್ದೀರಾ? ಊಟಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹುಲ್ಲು ಬೆಳ್ಳಗಾಗುತ್ತದೆ. ಆಲೂಗಡ್ಡೆ ಬೆಳೆಯುವ ನಾಡೂ ಹೌದು. ಅಲ್ಲಿನ ಬಡಗರು, ಕನ್ನಡದ ಮನೆಯವರು ಅದಕ್ಕೆ ಏನು ಹೇಳುತ್ತಾರೆ? ಅಜ್ಜಿಯಂದಿರನ್ನು ಒಮ್ಮೆ ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ.