ಲಂಡನ್ನೋ, ಸ್ಯಾನ್ ಫ್ರಾನ್ಸಿಸ್ಕೋನೋ? ಗದಗಿನ ತಂಗಿಗೆ ಉತ್ತರ

ತಂಗಿ, ನಿಮ್ಮ ಪ್ರಶ್ನೆಯನ್ನು ಓದಿದ್ದು ಧಾರವಾಡದಲ್ಲಿ ಅವ್ವನ ಮನೆಯ ಪಡಸಾಲೆಯಲ್ಲಿ ಕೂತು, ನಸುಕಿನ ಮೂರು ಗಂಟೆಗೆ. ಹೊರಗೆ ಜಿಟಿಜಿಟಿ ಮಳೆ. ಪಕ್ಕದಲ್ಲಿ ನನ್ನ ಆರು ವರ್ಷದ ಮಗಳು ಚುರುಮುರಿ ತಿನ್ನುತ್ತಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದು ನಾಲ್ಕು ದಿನವಾದರೂ ಅವಳ ಹೊಟ್ಟೆಗೆ ಅದಿನ್ನೂ ಮಧ್ಯಾಹ್ನ ಎರಡೂವರೆ.

ಎರಡೂ ಊರುಗಳಿಂದ ಕೆಲಸಕ್ಕೆ ಕರೆ ಬಂದಿದೆ, ಯಜಮಾನರು "ಲಂಡನ್ ಹತ್ತು ತಾಸು, ಅಮೆರಿಕ ಹದಿನಾರು ತಾಸು, ಯೋಚಿಸುವುದೇನಿದೆ" ಎನ್ನುತ್ತಾರೆ ಎಂದು ಬರೆದಿದ್ದೀರಿ. ನೇರ ವಿಮಾನ ಸಿಕ್ಕರೆ ಅವರ ಅಂಕಿ ಹೆಚ್ಚುಕಡಿಮೆ ಸರಿ. ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿ.ಮೀ., ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ನೇರವಾಗಿ ಬೆಂಗಳೂರಿಗೆ ಬಂದರಲ್ಲ, ಅದೇ ದಾರಿ. ಧ್ರುವಕ್ಕೇಕೆ ಹೋಗಬೇಕು ಎಂದು ಮಗಳು ಕೇಳಿದಾಗ ಅಪ್ಪ ಹಳೆಯ ಗ್ಲೋಬಿನ ಮೇಲೆ ಹೂವು ಕಟ್ಟುವ ದಾರವನ್ನು ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಬಿಗಿಯಾಗಿ ಹಿಡಿದರು. ದಾರ ತಾನಾಗಿಯೇ ಉತ್ತರಕ್ಕೆ ಜಾರಿತು. ನನಗೂ ಅರ್ಥವಾದದ್ದು ಆಗಲೇ.

ಆದರೆ ವಿಮಾನದ ತಾಸುಗಳನ್ನು ಎಣಿಸಬೇಡಿ. ಮನೆಯ ಬಾಗಿಲಿಂದ ಬಾಗಿಲಿಗೆ ಎಣಿಸಿ. ಎರಡು ವರ್ಷದ ಹಿಂದೆ ಅಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನೇರ ವಿಮಾನಕ್ಕೆ ಟಿಕೆಟ್ ಸಿಗಲಿಲ್ಲ. ನಡುವೆ ಇಳಿದ ಊರಿನಲ್ಲಿ ಮುಂದಿನ ವಿಮಾನ ತಪ್ಪಿತು. ದೇವನಹಳ್ಳಿಯಲ್ಲಿ ಇಳಿದಾಗ ಅಪರಾತ್ರಿ. ಹುಬ್ಬಳ್ಳಿಗೆ ಗಾಳಿಯಲ್ಲಿ ಒಂದೂಕಾಲು ತಾಸಿನ ದಾರಿ, ಆದರೆ ಆ ಹೊತ್ತಿಗೆ ವಿಮಾನವೆಲ್ಲಿ? ಬೆಳಗಿನ ವಂದೇ ಭಾರತ್ ಹಿಡಿದು ಧಾರವಾಡ ಮುಟ್ಟುವಷ್ಟರಲ್ಲಿ ನಾನು ಮನೆ ಬಿಟ್ಟು ನಲವತ್ತಾರು ತಾಸಾಗಿತ್ತು. ಶಸ್ತ್ರಚಿಕಿತ್ಸೆ ಮುಗಿದು ಅಪ್ಪ ಗಂಜಿ ಕುಡಿಯುತ್ತಿದ್ದರು. ಆಪತ್ತಿಗೆ ಲಂಡನ್ನೇ ಮೇಲು, ಅದರಲ್ಲಿ ನನ್ನ ತಕರಾರಿಲ್ಲ.

ಆಪತ್ತು ಎಂದೋ ಒಮ್ಮೆ ಬರುತ್ತದೆ. ಮಗು ಅಜ್ಜಿಯ ಜೊತೆ ಮಾತನಾಡುವುದು ದಿನವೂ. ಹೊರದೇಶದಲ್ಲಿರುವ ನಮ್ಮಂಥವರಲ್ಲಿ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಅಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ನಮಗೂ ಧಾರವಾಡಕ್ಕೂ ಹನ್ನೆರಡೂವರೆ ತಾಸಿನ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಹಗಲು ರಾತ್ರಿ ಪೂರ್ತಿ ಅದಲುಬದಲು, ಅದೇ ಅನುಕೂಲ! ಬೇಸಿಗೆಯಲ್ಲಿ ಮಗಳು ಬೆಳಿಗ್ಗೆ ಏಳಕ್ಕೆ ಹಾಲು ಕುಡಿಯುವಾಗ ಅವ್ವ ಸಂಜೆ ಏಳೂವರೆಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಮಗಳ ರಾತ್ರಿ ಊಟದ ಹೊತ್ತಿಗೆ ಅವ್ವನದು ಬೆಳಗಿನ ಚಹಾ. ದಿನಕ್ಕೆ ಎರಡು ಸಲ ಇಬ್ಬರಿಗೂ ಎಚ್ಚರ, ಇಬ್ಬರಿಗೂ ಬಿಡುವು. ಮಗಳ ಕನ್ನಡದಲ್ಲಿ ಧಾರವಾಡದ ವಾಸನೆ ಉಳಿದಿದ್ದರೆ ಅದು ಈ ಫೋನಿನಿಂದ. ನಾನು ಕಲಿಸಿದ್ದು ಕಡಿಮೆ.

ಲಂಡನ್ನಿನಲ್ಲಿರುವ ನನ್ನ ತಮ್ಮನಿಗೆ ಅಂತರ ನಾಲ್ಕೂವರೆ ತಾಸು, ಚಳಿಗಾಲದಲ್ಲಿ ಐದೂವರೆ. ಮಗ ಶಾಲೆಯಿಂದ ಬಂದು ಬೂಟು ಕಳಚಿ ನಾಲ್ಕಕ್ಕೆ ಫೋನ್ ಮಾಡಿದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆ. ಅವ್ವ ಅಷ್ಟರಲ್ಲಿ ಕನ್ನಡಕ ತೆಗೆದಿಟ್ಟಿರುತ್ತಾಳೆ. ಉಳಿಯುವುದು ಶನಿವಾರ, ಭಾನುವಾರ.

ನಿಮ್ಮ ಅತ್ತೆಯವರು, ತಾಯಿಯವರು ಎಷ್ಟಕ್ಕೆ ಮಲಗುತ್ತಾರೆ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಇನ್ನೊಂದು ಮಾತು: ಹುಬ್ಬಳ್ಳಿಯಿಂದ ನಿಮ್ಮ ಗದಗಿಗೆ ಮತ್ತೆ ಸುಮಾರು 60 ಕಿ.ಮೀ. ಇದೆ. ಯಜಮಾನರ ಹತ್ತು ತಾಸಿನಲ್ಲಿ ಅದು ಸೇರಿರಲಿಕ್ಕಿಲ್ಲ.